ಫ್ಲಾರೆನ್ಸಿನಲ್ಲಿ ಅಮ್ಮನಿಗೊಂದು ಮನೆ ಹುಡುಕಿದ್ದು

ಅಮ್ಮ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಪುನರುಜ್ಜೀವನದ ಪಾಠ ಬಂತೆಂದರೆ ಬೋರ್ಡಿನ ಮೇಲೆ ಇಟಲಿಯ ಬೂಟು ಬರೆದು, ನಡುವಿಗಿಂತ ಕೊಂಚ ಮೇಲೆ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ‘ಫ್ಲಾರೆನ್ಸ್’ ಅಂತ ಬರೆಯುತ್ತಿದ್ದಳು. ಅಷ್ಟು ವರ್ಷ ಬರೆದ ಊರನ್ನು ಒಂದು ಸಲವೂ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಬಲ ಮಂಡಿಯ ಆಪರೇಷನ್ ಆಯ್ತು. ಆಮೇಲಿಂದ ‘ಇನ್ನು ದೂರದ ಊರೆಲ್ಲ ನನ್ನ ಕೈಲಾಗಲ್ಲ ಬಿಡೇ’ ಅನ್ನೋಕೆ ಶುರು ಮಾಡಿದಳು. ಆ ಮಾತು ಕೇಳಿದ ದಿನವೇ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. 2025ರ ಮೇ ತಿಂಗಳಲ್ಲಿ, ಮಗನ ಬೇಸಿಗೆ ರಜೆಯಲ್ಲಿ, ನಾವು ನಾಲ್ಕು ಜನ ಫ್ಲಾರೆನ್ಸಿಗೆ ಹೋದೆವು. ಏಳು ರಾತ್ರಿ ಒಂದೇ ಮನೆಯಲ್ಲಿ ಇದ್ದೆವು. ಆ ಮನೆ ಹುಡುಕೋದಕ್ಕೆ ಐದು ವಾರ ಹಿಡಿಯಿತು.

ಹೋಟೆಲ್ ಬೇಡ ಅನ್ನೋದು ಮೊದಲೇ ಆದ ತೀರ್ಮಾನ. ಅಮ್ಮನಿಗೆ ಬೆಳಿಗ್ಗೆ ಆರಕ್ಕೆ ಕಾಫಿ ಆಗಬೇಕು. ಮಾತ್ರೆಗೆ ಮುಂಚೆ ಬಿಸಿಯಾಗಿ ಏನಾದರೂ ಹೊಟ್ಟೆಗೆ ಬೀಳಬೇಕು. ರಾತ್ರಿ ಒಂದು ತುತ್ತು ಅನ್ನ ಸಾರು ಇಲ್ಲದಿದ್ದರೆ ನಿದ್ದೆ ಬರೋದಿಲ್ಲ. ಹಾಗಾಗಿ ಎರಡು ರೂಮು, ಒಂದು ಅಡುಗೆಮನೆ, ಬಟ್ಟೆ ಒಗೆಯೋ ಮೆಷಿನ್ ಇರೋ ಮನೆಯೇ ಬೇಕಿತ್ತು. ಇಟಲಿಗೆ ಹೋಗೋಕೆ ಬೇಕಾದ ಷೆಂಗೆನ್ ವೀಸಾಗೆ ಅರ್ಜಿ ಹಾಕುವಾಗ ಎಲ್ಲಿ ಉಳಿದುಕೊಳ್ಳುತ್ತೀರಿ ಅನ್ನೋದಕ್ಕೆ ಕಾಗದ ತೋರಿಸಬೇಕು. ಹಾಗಾಗಿ ಜನವರಿಯಲ್ಲೇ ಹುಡುಕಾಟ ಶುರು ಮಾಡಿದೆ. ವೀಸಾ ಬರೋದು ಗ್ಯಾರಂಟಿ ಇಲ್ಲ, ಅದಕ್ಕೆ ದುಡ್ಡು ವಾಪಸ್ ಸಿಗುವ ಹಾಗೆ ಕ್ಯಾನ್ಸಲ್ ಮಾಡಲು ಬಿಡುವ ಮನೆಗಳನ್ನು ಮಾತ್ರ ನೋಡಿದೆ. ಇದೊಂದರಿಂದಲೇ ಅರ್ಧ ಪಟ್ಟಿ ಉದುರಿ ಹೋಯಿತು.

ಮೊದಲು ಮನಸ್ಸು ಹೋಗಿದ್ದು ದುವೊಮೋ, ಅಂದರೆ ಅಲ್ಲಿನ ದೊಡ್ಡ ಚರ್ಚಿನ ಪಕ್ಕದ ಮನೆಗೆ. ಫೋಟೋದಲ್ಲಿ ಅಡುಗೆಮನೆಯ ಕಿಟಕಿ ತುಂಬ ಬ್ರುನೆಲ್ಲೆಸ್ಕಿ ಕಟ್ಟಿದ ಕೆಂಪು ಗುಮ್ಮಟ. 1436ರಲ್ಲಿ ಮುಗಿದ ಗುಮ್ಮಟ ಅದು, ಅಮ್ಮ ಪಾಠ ಮಾಡಿದ ಗುಮ್ಮಟ. ಕಾಫಿ ಲೋಟ ಹಿಡಿದು ಅಮ್ಮ ಆ ಕಿಟಕಿಯಲ್ಲಿ ನಿಂತಿರೋದನ್ನು ನಾನು ಕಣ್ಣಾರೆ ಕಂಡುಬಿಟ್ಟಿದ್ದೆ. ನಕ್ಷೆಯಲ್ಲಿ ನೋಡಿದರೆ ಊರಿನ ನಟ್ಟನಡುವೆ. ಎಲ್ಲದಕ್ಕೂ ಹತ್ತಿರ. ಇನ್ನೇನು ಬೇಕು ಅಂತ ಬುಕ್ ಮಾಡೋಕೆ ಹೊರಟೆ. ನಮ್ಮನೆಯವರು ತಡೆದರು. ‘ನಾಲ್ಕನೇ ಮಹಡಿ ಅಂತಿದೆ. ಲಿಫ್ಟ್ ಇದೆಯಾ ಅಂತ ಎಲ್ಲೂ ಬರೆದಿಲ್ಲ, ನೋಡು’ ಅಂದರು.

ಮನೆಯ ಓನರಿಗೆ ಒಂದೇ ಸಾಲಿನ ಪ್ರಶ್ನೆ ಕಳಿಸಿದೆ: ಬೀದಿ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಮೆಟ್ಟಿಲು? ಆತ ಪ್ರಾಮಾಣಿಕ. 92 ಅಂತ ಉತ್ತರ ಕೊಟ್ಟ. ಗುಮ್ಮಟದ ತುದಿಗೆ ಹತ್ತೋಕೆ 463 ಮೆಟ್ಟಿಲು. ಅಂದರೆ ಆ ಮನೆಗೆ ಐದು ಸಲ ಹತ್ತಿದರೆ ಗುಮ್ಮಟ ಹತ್ತಿದಷ್ಟೇ ಆಗುತ್ತಿತ್ತು. ನಮಗೆ ದಿನಕ್ಕೆ ಎರಡು ಸಲವಾದರೂ ಹತ್ತಿ ಇಳಿಯೋದು ಇರುತ್ತಲ್ವಾ?

ಅಲ್ಲಿಂದ ಮಹಡಿಯ ಲೆಕ್ಕ ಕಲಿತೆ. ಅವರೂ ನಮ್ಮ ಹಾಗೇ ಗ್ರೌಂಡ್ ಫ್ಲೋರ್ ಬಿಟ್ಟು ಎಣಿಸುತ್ತಾರೆ. ಪಿಯಾನೋ ತೆರ್ರಾ ಅಂದರೆ ನೆಲದ ಮಟ್ಟ, ಪ್ರೀಮೋ ಪಿಯಾನೋ ಅಂದರೆ ಒಂದನೇ ಮಹಡಿ. ಆದರೆ ಹಳೆಯ ಕಟ್ಟಡಗಳ ಚಾವಣಿ ತುಂಬ ಎತ್ತರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಮಹಡಿಗೆ ಹದಿನೆಂಟು, ಇಪ್ಪತ್ತು ಮೆಟ್ಟಿಲಾದರೆ ಅಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಕೆಲವು ಕಡೆ ನಡುವೆ ‘ಅಮ್ಮೆಜ್ಜಾತೋ’ ಅನ್ನೋ ಕುಳ್ಳ ಮಹಡಿ ಬೇರೆ. ಅದು ಎಣಿಕೆಗೆ ಬರೋದಿಲ್ಲ, ಹತ್ತುವಾಗ ಮಾತ್ರ ಬರುತ್ತದೆ. ಹಾಗಾಗಿ ಎಷ್ಟನೇ ಮಹಡಿ ಅಂತ ಕೇಳೋದು ಬಿಟ್ಟು ಎಷ್ಟು ಮೆಟ್ಟಿಲು ಅಂತ ಕೇಳೋಕೆ ಶುರು ಮಾಡಿದೆ.

ಇನ್ನೊಂದು ಅಭ್ಯಾಸವೂ ಬಂತು. ಇಂಗ್ಲಿಷಿನಲ್ಲಿ ಬರೆದ ಅಭಿಪ್ರಾಯಗಳಿಗಿಂತ ಇಟಲಿಯವರೇ ಬರೆದದ್ದನ್ನು ಮೊದಲು ಓದೋದು. ಅವರು ಸುಮ್ನೆ ಹೊಗಳೋದಿಲ್ಲ. ನಾಲ್ಕು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಂಡಿದ್ದೆ. ಅಶೆನ್ಸೋರೆ ಅಂದರೆ ಲಿಫ್ಟ್. ಸ್ಕಾಲೆ ಅಂದರೆ ಮೆಟ್ಟಿಲು. ರುಮೋರೆ ಅಂದರೆ ಗದ್ದಲ. ಉಮಿದಿತಾ ಅಂದರೆ ತೇವ, ಥಂಡಿ. ಪ್ರತಿ ಮನೆಯ ಅಭಿಪ್ರಾಯಗಳಲ್ಲಿ ಈ ನಾಲ್ಕನ್ನು ಹುಡುಕುತ್ತಿದ್ದೆ. ಐದು ಸ್ಟಾರ್ ಕೊಟ್ಟವರೂ ಮೂರನೇ ಸಾಲಿನಲ್ಲಿ ‘ರುಮೋರೆ’ ಅಂತ ಬರೆದಿರುತ್ತಾರೆ.

ಎರಡನೇ ಪಟ್ಟಿ ಸ್ಟೇಷನ್ ಕಡೆಯದು. ಸಾಂತಾ ಮರಿಯಾ ನೊವೆಲ್ಲಾ ಅಲ್ಲಿನ ಮುಖ್ಯ ಸ್ಟೇಷನ್. ಅಲ್ಲಿಂದ ದುವೊಮೋಗೆ ನಡೆದರೆ ಹತ್ತು ನಿಮಿಷ. ಏರ್‌ಪೋರ್ಟ್ ಟ್ರಾಮ್ ಅಲ್ಲೇ, ಪೀಸಾ ಮತ್ತು ಲುಕ್ಕಾಗೆ ಹೋಗೋ ಟ್ರೈನೂ ಅಲ್ಲೇ. ದಿನಾ ಬೇರೆ ಊರಿಗೆ ಹೋಗಿ ಬರೋರಿಗೆ, ಎರಡೇ ದಿನ ಇರೋರಿಗೆ ಅದು ಒಳ್ಳೇ ಜಾಗ. ನಾವು ಇರೋದು ಏಳು ದಿನ, ಊರು ಬಿಟ್ಟು ಹೋಗೋದು ಒಂದೇ ದಿನ. ಉಳಿದ ಆರು ದಿನ ಸೂಟ್‌ಕೇಸ್ ಚಕ್ರಗಳ ಸದ್ದು ಕೇಳಿಕೊಂಡು ಯಾಕೆ ಇರಬೇಕು ಅನ್ನಿಸಿತು. ಬಿಟ್ಟೆವು.

ಆಮೇಲೆ ಸಾಂತೋ ಸ್ಪಿರಿತೋ. ಆರ್ನೋ ನದಿಯ ಆಚೆ ದಡ, ಓಲ್ತ್ರಾರ್ನೋ ಅಂತಾರೆ. ಈ ಜಾಗಕ್ಕೆ ನಾನು ಮನಸೋತಿದ್ದೆ ಅಂತಲೇ ಹೇಳಬೇಕು. ಮರಗೆಲಸದವರ, ಚೌಕಟ್ಟು ಕಟ್ಟುವವರ ಸಣ್ಣ ಅಂಗಡಿಗಳು ಇನ್ನೂ ಉಳಿದಿರೋ ಬೀದಿಗಳು. ಮರಗಳಿರೋ ಚೌಕ, ಒಂದು ತುದಿಯಲ್ಲಿ ಅಲಂಕಾರವೇ ಇಲ್ಲದ ಚರ್ಚಿನ ಮುಖ. ಚೌಕಕ್ಕೆ ಮುಖ ಮಾಡಿದ ಮನೆಯೊಂದು ಸಿಕ್ಕಿತು, ಲಿಫ್ಟೂ ಇತ್ತು. ಅಭಿಪ್ರಾಯಗಳಲ್ಲಿ ‘ಮೊವೀದಾ’ ಅನ್ನೋ ಪದ ಮತ್ತೆ ಮತ್ತೆ ಬಂತು. ಏನು ಅಂತ ನೋಡಿದರೆ ರಾತ್ರಿ ಹೊತ್ತು ಬೀದಿಯಲ್ಲಿ ಕುಡಿದು, ಹರಟೆ ಹೊಡೆದು ಕಾಲ ಕಳೆಯೋ ಜನಜಂಗುಳಿಗೆ ಇಟಲಿಯವರು ಇಟ್ಟ ಹೆಸರು. ಒಬ್ಬರು ‘ಓನರ್ ತುಂಬ ಒಳ್ಳೆಯವರು, ಮಂಚದ ಪಕ್ಕ ಕಿವಿಗೆ ಇಟ್ಟುಕೊಳ್ಳೋ ಹತ್ತಿ ಇಟ್ಟಿದ್ದರು’ ಅಂತ ಮೆಚ್ಚುಗೆಯಿಂದ ಬರೆದಿದ್ದರು. ಬಂದವರಿಗೆಲ್ಲ ಕಿವಿಗೆ ಹತ್ತಿ ಕೊಡಬೇಕಾದರೆ ಗದ್ದಲ ಎಷ್ಟಿರಬೇಕು! ಅಮ್ಮ ಒಂಬತ್ತೂವರೆಗೆ ಮಲಗುವವಳು.

ಮೆಟ್ಟಿಲೇ ಬೇಡ ಅಂತ ಒಮ್ಮೆ ನೆಲದ ಮಟ್ಟದ ಮನೆ ನೋಡಿದೆವು. ಅಗ್ಗ ಕೂಡ. ಬಾಗಿಲು ತೆರೆದರೆ ಬೀದಿ. ಆದರೆ ಕಿಟಕಿಗೆ ಕಬ್ಬಿಣದ ಸರಳು, ಹೊರಗೆ ಓಡಾಡುವವರು ಒಳಗೆ ಇಣುಕದ ಹಾಗೆ ಹಗಲೂ ಮುಚ್ಚಿದ ಬಾಗಿಲು. ಐದು ಜನ ‘ಉಮಿದಿತಾ’ ಬರೆದಿದ್ದರು. ಆ ಊರಿನ ನೆಲಮಟ್ಟದ ಗೋಡೆಗಳು ನೀರು ಕಂಡಿವೆ. 1966ರ ನವೆಂಬರ್ 4ರಂದು ಆರ್ನೋ ಉಕ್ಕಿ ಊರೊಳಗೆ ನುಗ್ಗಿತ್ತು. ಸಾಂತಾ ಕ್ರೋಚೆ ಚರ್ಚಿನ ಸುತ್ತಮುತ್ತ ನೀರು ಎಲ್ಲಿಗೆ ಬಂದಿತ್ತು ಅಂತ ಗುರುತು ಹಾಕಿದ ಸಣ್ಣ ಫಲಕಗಳು ಈಗಲೂ ಗೋಡೆಗಳ ಮೇಲಿವೆ. ಆಮೇಲೆ ಹೋದಾಗ ಅಂಥದೊಂದರ ಕೆಳಗೆ ನಮ್ಮನೆಯವರು ನಿಂತರು, ಫಲಕ ಅವರ ತಲೆಗಿಂತ ಎಷ್ಟೋ ಮೇಲಿತ್ತು.

ಕಾಂಪೋ ದಿ ಮಾರ್ತೆ ಕಡೆ, ಅಂದರೆ ಹಳೆ ಊರಿನ ಆಚೆ, ದೊಡ್ಡ ಲಿಫ್ಟು, ಬಾಲ್ಕನಿ ಇರೋ ಹೊಸ ಕಟ್ಟಡಗಳು ಸಿಕ್ಕವು. ಬಾಡಿಗೆಯೂ ಕಡಿಮೆ. ನಾವು ಮೂವರೇ ಆಗಿದ್ದರೆ ಅಲ್ಲೇ ಇರುತ್ತಿದ್ದೆವೇನೋ. ಸಾನ್ ನಿಕ್ಕೋಲೋ ಚೆಂದ, ಆದರೆ ಅದರ ಬೆನ್ನಿಗೇ ಗುಡ್ಡದ ಏರು.

ಮೂರು ವಾರ ಕಳೆದರೂ ಕೈಗೆ ಏನೂ ಹತ್ತಲಿಲ್ಲ. ಒಂದು ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದಳು: ‘ಯಾಕೆ ಇಷ್ಟು ತಲೆ ಕೆಡಿಸ್ಕೋತೀಯಾ? ನೀವು ಓಡಾಡ್ಕೊಂಡು ಬನ್ನಿ. ಕಾಲು ನೋವು ಬಂದ ದಿನ ನಾನು ಮನೇಲಿ ಕೂತಿರ್ತೀನಿ. ಕೆಳಗಿಳಿದರೆ ಒಂದು ತರಕಾರಿ ಅಂಗಡಿ, ಕೂತ್ಕೊಳ್ಳೋಕೆ ಒಂದು ಬೆಂಚು ಇದ್ರೆ ಸಾಕು ಕಣೇ.’

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅಲ್ಲಿಯವರೆಗೆ ನಾನು ದುವೊಮೋಗೆ ಎಷ್ಟು ದೂರ, ಉಫೀತ್ಸಿ ಮ್ಯೂಸಿಯಂಗೆ ಎಷ್ಟು ದೂರ ಅಂತ ಅಳೆಯುತ್ತಿದ್ದೆ. ನಾವಿಲ್ಲದ ಹೊತ್ತಿನಲ್ಲಿ ಅಮ್ಮನಿಗೆ ಆ ಮನೆ ಹೇಗಿರುತ್ತೆ ಅಂತ ಯೋಚಿಸಿಯೇ ಇರಲಿಲ್ಲ. ಅವತ್ತು ರಾತ್ರಿ ಎಕ್ಸೆಲ್ ಶೀಟಿನಲ್ಲಿ ಹೊಸದೊಂದು ಕಾಲಂ ಸೇರಿಸಿದೆ: ‘ಅಮ್ಮ ಒಬ್ಬಳೇ ಹೋಗಿ ಬರಬಹುದಾ?’ ಹದಿನಾಲ್ಕು ಮನೆಗಳಲ್ಲಿ ಹನ್ನೆರಡಕ್ಕೆ ‘ಇಲ್ಲ’ ಅಂತ ಬರೆದೆ.

ಆ ಪ್ರಶ್ನೆ ಇಟ್ಟುಕೊಂಡು ನಕ್ಷೆ ನೋಡಿದಾಗ ಸಾಂತ್ ಅಂಬ್ರೋಜೋ ಅನ್ನೋ ಜಾಗ ಕಣ್ಣಿಗೆ ಬಿತ್ತು. ದುವೊಮೋದಿಂದ ಪೂರ್ವಕ್ಕೆ, ನಡೆದರೆ ಕಾಲು ಗಂಟೆ. 1873ರ ಹಳೆಯ ಮಾರ್ಕೆಟ್ ಇದೆ. ಒಳಗೆ ಚೀಸು, ಬ್ರೆಡ್ಡು, ಮಾಂಸ. ಹೊರಗೆ ತರಕಾರಿ, ಹಣ್ಣಿನ ಅಂಗಡಿಗಳು. ಭಾನುವಾರ ಬಿಟ್ಟು ಎಲ್ಲ ದಿನ ಬೆಳಿಗ್ಗೆ ತೆರೆದಿರುತ್ತದೆ. ಅಲ್ಲೇ ಹತ್ತಿರ ದಾದ್ಸೆಲ್ಯೋ ಅನ್ನೋ ಚೌಕ, ದೊಡ್ಡ ದೊಡ್ಡ ಮರ, ಬೆಂಚು, ಮಕ್ಕಳಿಗೆ ಆಟದ ಜಾಗ. ನೆಲ ಮಟ್ಟಸ, ಏರಿಳಿತ ಇಲ್ಲ. ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಸಾಂತಾ ಕ್ರೋಚೆ. ಆ ಚರ್ಚಿನೊಳಗೆ ಮೈಕೆಲೆಂಜೆಲೊ, ಗೆಲಿಲಿಯೊ, ಮಾಕಿಯವೆಲ್ಲಿ ಮೂವರ ಸಮಾಧಿಯೂ ಇದೆ. ಅಮ್ಮ ಬೋರ್ಡಿನ ಮೇಲೆ ಬರೆಯುತ್ತಿದ್ದ ಹೆಸರುಗಳು.

ಅಲ್ಲೊಂದು ಮನೆ ಸಿಕ್ಕಿತು. ಎರಡನೇ ಮಹಡಿ, ಲಿಫ್ಟ್ ಇದೆ. ಕೆಲವು ಕಡೆ ಬುಕ್ ಮಾಡುವ ತನಕ ನಕ್ಷೆಯಲ್ಲಿ ಬರೀ ಒಂದು ವೃತ್ತ ತೋರಿಸುತ್ತಾರೆ. ಇದಕ್ಕೆ ಪೂರ್ತಿ ವಿಳಾಸ ಕೊಟ್ಟಿದ್ದರು. ಮನೆ ನಂಬರ್ 24. ಗೂಗಲ್ ನಕ್ಷೆಯ ಸ್ಟ್ರೀಟ್ ವ್ಯೂನಲ್ಲಿ, ಅಂದರೆ ಬೀದಿಯ ಫೋಟೋಗಳಲ್ಲಿ, ಆ ಬೀದಿಗೆ ಹೋಗಿ 24 ಹುಡುಕಿದೆ. ಎದೆ ಧಸಕ್ಕೆಂದಿತು. ಅದೊಂದು ಬಾರ್. ಹೊರಗೆ ಕುರ್ಚಿ ಮೇಜು, ಬೀದಿ ತುಂಬ ಜನ. ಇದೂ ಹೋಯ್ತು ಅಂತ ಕೆಂಪು ಬಣ್ಣ ಬಳಿದು ಮಲಗಿದೆ.

ಮಾರನೇ ದಿನ ಮಗ, ಹತ್ತು ವರ್ಷದವನು, ಅದೇ ಬೀದಿಯಲ್ಲಿ ಬಾಣದ ಗುರುತು ಒತ್ತಿ ಒತ್ತಿ ಮುಂದೆ ಹೋಗುತ್ತಿದ್ದ. ‘ಅಮ್ಮಾ, ಇಲ್ಲಿ ಇನ್ನೊಂದು 24 ಇದೆ’ ಅಂದ. ನೋಡಿದರೆ ಹೌದು. ಬಾರಿನ ನಂಬರ್ ಕೆಂಪು ಅಕ್ಷರದಲ್ಲಿ. ಎಪ್ಪತ್ತು ಎಂಬತ್ತು ಮೀಟರ್ ಆಚೆ, ಒಂದು ಎತ್ತರದ ಮರದ ಬಾಗಿಲ ಪಕ್ಕ, ನೀಲಿ ಅಕ್ಷರದಲ್ಲಿ ಮತ್ತೊಂದು 24. ಫ್ಲಾರೆನ್ಸಿನಲ್ಲಿ ಒಂದೇ ಬೀದಿಗೆ ಎರಡು ಸಾಲು ನಂಬರ್ ಇರುತ್ತದಂತೆ. ಅಂಗಡಿ, ಹೋಟೆಲ್, ಬಾರಿಗೆ ಕೆಂಪು. ವಾಸದ ಮನೆಗೆ ಕಪ್ಪು ಅಥವಾ ನೀಲಿ. ಎರಡೂ ತಮ್ಮ ಪಾಡಿಗೆ ಬೇರೆ ಬೇರೆ ಎಣಿಸಿಕೊಂಡು ಹೋಗುತ್ತವೆ. ವಿಳಾಸದಲ್ಲಿ ನಂಬರಿನ ಪಕ್ಕ ‘ಆರ್’ ಅಕ್ಷರ ಇದ್ದರೆ ರೊಸ್ಸೋ, ಅಂದರೆ ಕೆಂಪು. ನಮ್ಮ ವಿಳಾಸದಲ್ಲಿ ಆ ಅಕ್ಷರ ಇರಲಿಲ್ಲ. ಗೊತ್ತಿಲ್ಲದೆ ಒಳ್ಳೇ ಮನೆಯೊಂದನ್ನು ಬಿಟ್ಟುಬಿಡುತ್ತಿದ್ದೆ. ಫ್ಲಾರೆನ್ಸಿನಲ್ಲಿ ಮನೆ ನೋಡುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಜಾಹೀರಾತಿನ ಫೋಟೋ ಎಷ್ಟೇ ನೋಡಿದರೂ ಇದು ಗೊತ್ತಾಗೋದಿಲ್ಲ.

ಆಮೇಲೆ ಓನರಮ್ಮನಿಗೆ ಪ್ರಶ್ನೆಗಳ ಸುರಿಮಳೆ. ಅನುವಾದದ ಆ್ಯಪಿನಲ್ಲಿ ಇಟಾಲಿಯನ್ ಮಾಡಿ ಕಳಿಸಿದೆ, ಒಂದೊಂದು ಸಲಕ್ಕೆ ಒಂದೊಂದೇ ಪ್ರಶ್ನೆ. ಸಾಂತ್ ಅಂಬ್ರೋಜೋ ಚೌಕದಲ್ಲೂ ರಾತ್ರಿ ಮೊವೀದಾ ಇದೆ ಅಂತ ಅಷ್ಟರಲ್ಲಿ ಓದಿಕೊಂಡಿದ್ದೆ. ಮಲಗೋ ರೂಮಿನ ಕಿಟಕಿ ಎತ್ತ ಕಡೆ ಅಂತ ಕೇಳಿದೆ. ಒಂದು ರೂಮು ಒಳ ಅಂಗಳದ ಕಡೆ, ಇನ್ನೊಂದು ಬೀದಿ ಕಡೆ ಅಂದರು. ಅಂಗಳದ ಕಡೆಯದು ಅಮ್ಮನಿಗೆ ಅಂತ ಅಲ್ಲೇ ತೀರ್ಮಾನ ಆಯ್ತು. ಒಲೆ ಗ್ಯಾಸಾ, ಇಂಡಕ್ಷನ್ನಾ ಅಂತ ಕೇಳಿದೆ. ನಮ್ಮ ಎರಡು ಲೀಟರಿನ ಕುಕ್ಕರ್ ಅಲ್ಯೂಮಿನಿಯಂ. ಇಂಡಕ್ಷನ್ ಮೇಲೆ ಅದು ಬಿಸಿಯೇ ಆಗೋದಿಲ್ಲ. ಗ್ಯಾಸ್ ಅಂತ ಒಲೆಯ ಫೋಟೋ ಬಂತು.

ಕೊನೆಗೆ, ಬೀದಿ ಬಾಗಿಲಿಂದ ಮನೆ ಬಾಗಿಲ ತನಕ ನಡೆದು ಒಂದು ವಿಡಿಯೋ ಮಾಡಿ ಕಳಿಸ್ತೀರಾ, ನನ್ನ ತಾಯಿಗೆ ಮಂಡಿ ನೋವು ಅಂತ ಕೇಳಿದೆ. ಸಂಜೆಗೆ ವಿಡಿಯೋ ಬಂತು. ಐವತ್ತು ಸೆಕೆಂಡಿನದು. ಭಾರದ ಬಾಗಿಲನ್ನು ಅವರು ಭುಜದಿಂದ ತಳ್ಳುತ್ತಾರೆ. ಕತ್ತಲೆ ಪ್ಯಾಸೇಜ್. ಗೋಡೆಯ ಗುಂಡಿ ಒತ್ತಿದರೆ ಲೈಟು. ಆಮೇಲೆ ನಾಲ್ಕು ಕಲ್ಲು ಮೆಟ್ಟಿಲು, ನಡುವೆ ಸವೆದು ಬಟ್ಟಲಿನ ಹಾಗೆ ತಗ್ಗಾದವು. ಎಡಗಡೆ ಹಿಡಿಕೆ. ಮೆಟ್ಟಿಲು ಸುತ್ತುವ ಜಾಗದ ನಡುವೆ ತೂರಿಸಿದಂಥ ಒಂದು ಪುಟ್ಟ ಲಿಫ್ಟ್. ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಾಡೋಕೆ ಜಾಗ ಇಲ್ಲ. ಲಿಫ್ಟ್ ಇದೆ ಅಂತ ಬರೆದ ಮನೆಗೂ ಮೊದಲು ನಾಲ್ಕು ಮೆಟ್ಟಿಲು ಹತ್ತಬೇಕು ಅನ್ನೋದು ವಿಡಿಯೋ ಇಲ್ಲದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಅಮ್ಮನಿಗೆ ತೋರಿಸಿದೆ. ಎರಡು ಸಲ ನೋಡಿದಳು. ‘ನಾಲ್ಕಲ್ವಾ? ಹಿಡಿಕೆ ಇದೆ. ಆಗತ್ತೆ’ ಅಂದಳು.

ಹಾಗಂತ ಎಲ್ಲರೂ ಈ ಓನರಮ್ಮನ ಹಾಗಿರೋದಿಲ್ಲ. ಇದಕ್ಕೂ ಮುಂಚೆ ಒಬ್ಬರು, ಈ ವೆಬ್‌ಸೈಟಿನಲ್ಲಿ ಬುಕ್ ಮಾಡಬೇಡಿ, ನೇರವಾಗಿ ಬ್ಯಾಂಕಿಗೆ ದುಡ್ಡು ಹಾಕಿದರೆ ಕಡಿಮೆ ಮಾಡಿಕೊಡ್ತೀವಿ ಅಂದಿದ್ದರು. ಅವರ ಫೋಟೋಗಳನ್ನು ಹುಡುಕಿದರೆ ಬೇರೊಂದು ಊರಿನ ಮನೆಯ ಜಾಹೀರಾತಿನಲ್ಲಿ ಅವೇ ಫೋಟೋಗಳು. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. 2025ರ ಜನವರಿಯಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಪ್ರತಿ ಮನೆಗೂ ‘ಚಿನ್’ ಅನ್ನೋ ರಾಷ್ಟ್ರೀಯ ಗುರುತಿನ ನಂಬರ್ ಕಡ್ಡಾಯ. ‘ಐಟಿ’ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಹೊರಗೂ ಹಾಕಿರಬೇಕು. ಅದಿಲ್ಲದ ಮನೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ರಾತ್ರಿಯ ಬಾಡಿಗೆ ಮಾತ್ರ ನೋಡಬಾರದು. ಕ್ಲೀನಿಂಗ್ ಚಾರ್ಜ್, ಬುಕಿಂಗ್ ಶುಲ್ಕ ಸೇರಿಸಿ ಏಳರಿಂದ ಭಾಗಿಸಿ ನೋಡಬೇಕು. ಹಾಗೆ ನೋಡಿದಾಗ ಅಗ್ಗ ಅನ್ನಿಸಿದ್ದ ಎರಡು ಮನೆ ಇದಕ್ಕಿಂತ ದುಬಾರಿ ಆದವು. ಜೊತೆಗೆ ನಗರದ ಪ್ರವಾಸಿ ತೆರಿಗೆ ಬೇರೆ, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ. ಮಗ ಚಿಕ್ಕವನು, ಅವನಿಗೆ ಬೀಳಲಿಲ್ಲ. ವೀಸಾಗೆ ಬೇಕು ಅಂತ ಬುಕಿಂಗ್ ಕಾಗದದಲ್ಲಿ ನಾಲ್ವರ ಹೆಸರನ್ನೂ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಹಾಕಿಸಿಕೊಂಡೆವು.

ಮೇ 3, ಶನಿವಾರ. ರೋಮಿಗೆ ಇಳಿದು, ಅಲ್ಲಿಂದ ಫಾಸ್ಟ್ ಟ್ರೈನಿನಲ್ಲಿ ಸುಮಾರು ಒಂದೂವರೆ ಗಂಟೆ. ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿದೆವು. ಹಳೆ ಊರಿನೊಳಗೆ ಹೊರಗಿನ ಕಾರುಗಳಿಗೆ ತಡೆ ಇದೆ, ಗುರುತು ಹಿಡಿಯೋಕೆ ಕ್ಯಾಮೆರಾ ಇದೆ. ಟ್ಯಾಕ್ಸಿಗೆ ತೊಂದರೆ ಇಲ್ಲ, ಬಾಗಿಲ ತನಕ ಬಂತು. ಓನರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಗೋಡೆಗೆ ನಂಬರ್ ಪೆಟ್ಟಿಗೆ ನೇತು ಹಾಕಿ ಅದರಲ್ಲಿ ಕೀ ಇಟ್ಟು ಹೋಗೋದನ್ನು ಆ ವರ್ಷದಿಂದ ಅಲ್ಲಿ ನಿಲ್ಲಿಸಿದ್ದಾರೆ. ಪಾಸ್‌ಪೋರ್ಟುಗಳ ವಿವರ ಬರೆದುಕೊಂಡರು, ಪೊಲೀಸರಿಗೆ 24 ಗಂಟೆಯೊಳಗೆ ಕಳಿಸಬೇಕಂತೆ. ಅಮ್ಮನ ತೋಳು ಹಿಡಿದು ನಾಲ್ಕು ಮೆಟ್ಟಿಲು ಹತ್ತಿಸಿದರು. ‘ಪಿಯಾನೋ, ಪಿಯಾನೋ’ ಅಂದರು. ಅಮ್ಮ ನನ್ನ ಕಡೆ ನೋಡಿದಳು. ನಿಧಾನ, ನಿಧಾನ ಅಂತ, ಅಂದೆ.

ಮನೆಯಲ್ಲೂ ಕೊರತೆಗಳಿದ್ದವು. ಶನಿವಾರ ರಾತ್ರಿ ಬೀದಿ ಕಡೆಯ ರೂಮಿನಲ್ಲಿ ಒಂದು ಗಂಟೆಯ ತನಕ ಮಾತು, ನಗು ಕೇಳಿಸಿತು. ಕಲ್ಲಿನ ಗೋಡೆ, ಮೇ ಆದರೂ ರಾತ್ರಿ ಥಂಡಿ. ಅಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆಯನ್ನು ಏಪ್ರಿಲ್ 15ಕ್ಕೆ ನಿಲ್ಲಿಸುತ್ತಾರೆ, ಅದಕ್ಕೆ ಕಾನೂನೇ ಇದೆ. ಇನ್ನೆರಡು ಕಂಬಳಿ ಕೇಳಿ ಪಡೆದೆವು. ಎರಡನೇ ದಿನ ಬಟ್ಟೆ ಮೆಷಿನ್ ಹಾಕಿ, ಓವನ್ನೂ ಹಾಕಿದ್ದೆ, ಟಪ್ ಅಂತ ಕರೆಂಟ್ ಹೋಯಿತು. ಅಲ್ಲಿನ ಸಾಮಾನ್ಯ ಮನೆಗಳಿಗೆ 3 ಕಿಲೋವ್ಯಾಟಿನ ಮಿತಿ. ಒಂದು ಮುಗಿದ ಮೇಲೆ ಇನ್ನೊಂದು ಹಾಕಬೇಕು. ಅಮ್ಮನ ರೂಮು ಮಾತ್ರ ಬಾವಿಯ ಹಾಗೆ ತಣ್ಣಗೆ, ಮೌನವಾಗಿತ್ತು. ಏಳೂ ರಾತ್ರಿ ಚೆನ್ನಾಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ಅಮ್ಮನೂ ನಾನೂ ಮಾರ್ಕೆಟಿಗೆ ಹೋದೆವು. ಮನೆಯಿಂದ ಅಮ್ಮನ ನಡಿಗೆಗೆ ಆರು ನಿಮಿಷ. ಮೊದಲ ಅಂಗಡಿಯಲ್ಲೇ ನಿಂತಳು. ಹಸಿರು ಕಾಯಿಗಳ ರಾಶಿ, ಗೇಣುದ್ದದವು. ಒಂದನ್ನು ಎತ್ತಿ ಸಿಪ್ಪೆ ಬಿಡಿಸಿದಳು. ಒಳಗೆ ಬಿಳಿ ಹತ್ತಿಯಂಥ ಹಾಸಿಗೆ, ಅದರ ಮೇಲೆ ತಿಳಿ ಹಸಿರು ಕಾಳು. ಅಂಗಡಿಯವನು ‘ಬಚ್ಚೆಲ್ಲಿ’ ಅಂದ. ಬೇರೆ ಕಡೆ ಫಾವೆ ಅಂತಾರೆ, ಫ್ಲಾರೆನ್ಸಿನವರ ಬಾಯಲ್ಲಿ ಬಚ್ಚೆಲ್ಲಿ. ಅಮ್ಮ ಕಾಳಿನ ತುದಿಯನ್ನು ಉಗುರಿನಿಂದ ಗೀರಿ, ಹೆಬ್ಬೆರಳಿನಿಂದ ಒತ್ತಿದಳು. ಮೇಲಿನ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹೊರಗೆ ಹಾರಿತು. ‘ಹಿತಕಿದ ಬೇಳೆ!’ ಅಂದಳು. ಅವಳ ಮುಖ ನೋಡಬೇಕಿತ್ತು. ಒಂದು ಕೆಜಿ ತಗೊಂಡೆವು. ಅವತ್ತು ಮಧ್ಯಾಹ್ನ ಅಡುಗೆಮನೆ ಕಿಟಕಿ ಪಕ್ಕ ಕೂತು, ಮೊಮ್ಮಗನ ಕೈಲೂ ಹಿತಕಿಸಿ, ಮನೆಯಿಂದ ತಂದಿದ್ದ ಸಾರಿನ ಪುಡಿ ಹಾಕಿ ಸಾರು ಮಾಡಿದಳು. ತುಪ್ಪ ಮಾತ್ರ ಇರಲಿಲ್ಲ. ಹೊರಗಿನಿಂದ ಹಾಲಿನ ಪದಾರ್ಥ ಒಯ್ಯೋಕೆ ಯುರೋಪಿನಲ್ಲಿ ಬಿಡೋದಿಲ್ಲ. ಅಲ್ಲಿನ ಬೆಣ್ಣೆ ಕಾಯಿಸಿಕೊಂಡೆವು.

ಮಂಗಳವಾರ ಸಾಂತಾ ಕ್ರೋಚೆ. ಚಪ್ಪಡಿ ಕಲ್ಲಿನ ಬೀದಿ, ಫುಟ್‌ಪಾತ್ ಎರಡಡಿ ಅಗಲ, ಆದರೆ ಮಟ್ಟಸ. ಗೆಲಿಲಿಯೊ ಸಮಾಧಿಯ ಮುಂದೆ ಅಮ್ಮ ತುಂಬ ಹೊತ್ತು ನಿಂತಳು. ಆತ ಸತ್ತದ್ದು 1642ರಲ್ಲಿ. ಚರ್ಚಿನ ವಿರೋಧದಿಂದ ದೊಡ್ಡ ಜಾಗದಲ್ಲಿ ಸಮಾಧಿ ಮಾಡೋಕೆ ಬಿಡಲಿಲ್ಲ. ಇಲ್ಲಿಗೆ ತಂದದ್ದು 1737ರಲ್ಲಿ. ಇದನ್ನು ಅಮ್ಮನೇ ಮಗನಿಗೆ ಹೇಳಿದಳು, ಕ್ಲಾಸಿನ ಧ್ವನಿಯಲ್ಲಿ. ಹತ್ತಿರದಲ್ಲಿದ್ದ ಕಾರಣ ಗುರುವಾರ ಇನ್ನೊಂದು ಸಲ ಹೋದೆವು. ಮನೆ ದೂರ ಇದ್ದಿದ್ದರೆ ಒಂದೇ ಸಲ ನೋಡಿ ಬಂದುಬಿಡುತ್ತಿದ್ದೆವು.

ಕಾಲು ಸೋತಾಗ ಹಳೆ ಊರಿನೊಳಗೆ ಓಡಾಡೋ ಪುಟ್ಟ ಬಸ್ಸುಗಳು ಸಿಗುತ್ತವೆ, ‘ಸಿ’ ಅಕ್ಷರದಿಂದ ಶುರುವಾಗೋ ನಂಬರಿನವು. ನಾವು ಹೋದಾಗ ಟಿಕೆಟ್ 1.70 ಯೂರೋ ಇತ್ತು, 90 ನಿಮಿಷಕ್ಕೆ. ಬೆಂಚುಗಳು ಕಡಿಮೆ. ಆದರೆ ಹಳೆಯ ಅರಮನೆಗಳ ಗೋಡೆಗೆ ಹೊಂದಿಕೊಂಡು ಬೀದಿ ಉದ್ದಕ್ಕೂ ಕಲ್ಲಿನ ಕಟ್ಟೆ ಇರುತ್ತದೆ. 1489ರಲ್ಲಿ ಕಟ್ಟೋಕೆ ಶುರು ಮಾಡಿದ ಸ್ತ್ರೋತ್ಸಿ ಅರಮನೆಯ ಕಟ್ಟೆಯ ಮೇಲೆ ಅಮ್ಮ ಕಾಲು ನೀಡಿ ಕೂತಳು. ‘ಜಗುಲಿ ಇದು. ದಾರಿಹೋಕರಿಗೆ ಅಂತಲೇ ಬಿಟ್ಟಿದ್ದಾರೆ’ ಅಂದಳು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಮಗ ಅಜ್ಜಿಗೆ ಜಗುಲಿ ಹುಡುಕುತ್ತಿದ್ದ.

ಮನಸ್ಸಿಗೆ ಇನ್ನೊಂದು ವಿಷಯ ತಾಗಿದ್ದು. ನಮ್ಮ ಕಟ್ಟಡದ ಬೆಲ್ ಗುಂಡಿಗಳ ಪಕ್ಕ ಕುಟುಂಬದ ಹೆಸರು ಇದ್ದದ್ದು ಮೂರಕ್ಕೆ ಮಾತ್ರ. ಉಳಿದದ್ದೆಲ್ಲ ನಮ್ಮಂಥವರಿಗೆ ಬಿಟ್ಟ ಮನೆಗಳು. ಹಳೆ ಊರಿನೊಳಗೆ ಇಂಥ ಮನೆಗಳು ಇನ್ನು ಹೊಸದಾಗಿ ಬೇಡ ಅಂತ ನಗರದವರು 2023ರಲ್ಲಿ ನಿಯಮ ತಂದದ್ದು ಯಾಕೆ ಅಂತ ಆ ಗುಂಡಿಗಳ ಮುಂದೆ ನಿಂತಾಗ ಅರ್ಥವಾಯಿತು. ಮೇಲಿನ ಮನೆಯಲ್ಲಿ ಅಮ್ಮನ ವಯಸ್ಸಿನ ಒಬ್ಬ ಅಜ್ಜಿ ಇದ್ದರು. ರಾತ್ರಿ ಬಂದರೆ ಸೂಟ್‌ಕೇಸ್ ಎತ್ತಿಕೊಂಡೇ ಪ್ಯಾಸೇಜ್ ದಾಟಬೇಕು, ಬಾಗಿಲು ಮೆಲ್ಲಗೆ ಮುಚ್ಚಬೇಕು ಅಂತ ಮಗನಿಗೆ ಹೇಳಿಕೊಟ್ಟೆ. ಆ ಅಜ್ಜಿಗೂ ಅಮ್ಮನಿಗೂ ಲಿಫ್ಟಿನಲ್ಲಿ ಪರಿಚಯವಾಯ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಇಬ್ಬರೂ ತಮ್ಮ ತಮ್ಮ ಮಂಡಿ ತೋರಿಸಿಕೊಂಡು ತಲೆಯಾಡಿಸಿದರಂತೆ.

ಶುಕ್ರವಾರ ನಾವು ಮೂವರು ಪೀಸಾಗೆ ಹೋಗೋದು ಅಂತ ಇತ್ತು. ಅಮ್ಮ ಬರಲಿಲ್ಲ. ‘ನೀವು ಹೋಗಿ, ನಂಗೆ ಕೆಲಸ ಇದೆ’ ಅಂದಳು. ಟ್ರೈನಿನಲ್ಲಿ ಕೂತರೂ ನನ್ನ ಜೀವ ಮನೆಯಲ್ಲೇ ಇತ್ತು. ಹನ್ನೊಂದು ಗಂಟೆಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹನ್ನೊಂದೂವರೆಗೆ ಅವಳೇ ವಿಡಿಯೋ ಕಾಲ್ ಮಾಡಿದಳು. ಅಡುಗೆಮನೆ ಮೇಜಿನ ಮೇಲೆ ಬಟ್ಟೆ ಚೀಲ. ಒಂದೊಂದಾಗಿ ತೆಗೆದು ತೋರಿಸಿದಳು. ಮತ್ತೆ ಅದೇ ಕಾಳು. ಹೂವಿನ ಸಮೇತ ಎಳೆ ಕುಂಬಳದಂಥ ಕಾಯಿ. ಸೋಂಪಿನ ವಾಸನೆಯ ದಪ್ಪ ಗಡ್ಡೆ, ಅದೇನು ಮಾಡೋದು ಅಂತ ಇನ್ನೂ ಗೊತ್ತಿಲ್ಲವಂತೆ.

‘ಒಬ್ಬಳೇ ಹೋಗಿದ್ದೆಯಾ?’ ಅಂದೆ.

‘ಮತ್ತೆ? ಪಾರ್ಕಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬಂದೆ.’

ಚೀಲದ ತಳದಿಂದ ಕೊನೆಯದಾಗಿ ಒಂದು ಸಣ್ಣ ಕಟ್ಟು ತೆಗೆದಳು. ಎರಡು ಕಡ್ಡಿ ಸೆಲೆರಿ, ಒಂದು ಕ್ಯಾರೆಟ್, ಒಂದು ಹಿಡಿ ಪಾರ್ಸ್ಲಿ, ನಾಲ್ಕು ಎಲೆ ತುಳಸಿಯಂಥದ್ದು. ಅಲ್ಲಿನ ತರಕಾರಿಯವರು ಇದಕ್ಕೆ ‘ಓದೋರಿ’ ಅಂತಾರೆ, ರೋಜು ಬರುವ ಗಿರಾಕಿಗಳಿಗೆ ದುಡ್ಡಿಲ್ಲದೆ ಕೊಡುತ್ತಾರೆ ಅಂತ ಓನರಮ್ಮ ಹೇಳಿದ್ದು ನನಗೆ ನೆನಪಾಯಿತು. ಅಮ್ಮನಿಗೆ ಅದು ಗೊತ್ತಿರಲಿಲ್ಲ.

ಕಟ್ಟನ್ನು ಫೋನಿನ ಹತ್ತಿರ ಹಿಡಿದು ಹೇಳಿದಳು: ‘ನೋಡೇ, ಕೊಸರು ಹಾಕಿದ.’